ಎಲೆ ಕಲಸುವ ಕೈ, ನೋಡುವ ಕಣ್ಣು

ಯುಗಾದಿ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳಲ್ಲಿ ಇಸ್ಪೀಟಿನ ಕಟ್ಟುಗಳು ಹೊರಬರುತ್ತವೆ. ಬೇವು-ಬೆಲ್ಲ ತಿಂದು, ಒಬ್ಬಟ್ಟಿನೂಟ ಮುಗಿಸಿದ ಗಂಡಸರು ಅರಳಿಕಟ್ಟೆ, ತೆಂಗಿನ ತೋಟ, ಕೆರೆ ಏರಿಯ ನೆರಳು ಹುಡುಕಿಕೊಂಡು ಹೊರಡುತ್ತಾರೆ. ವರ್ಷವಿಡೀ ಎಲೆ ಮುಟ್ಟದವರೂ ಅವತ್ತು ಒಂದು ಕೈ ಕೂರುವುದುಂಟು. ಮಾರನೆಯ ದಿನ ವರ್ಷತೊಡಕಿನ ಬಾಡೂಟದ ಜೊತೆಗೂ ಆಟ ಸಾಗುತ್ತದೆ. ಹಳೇ ಮೈಸೂರು ಭಾಗದಲ್ಲಿ ಇದು ತಲೆಮಾರುಗಳಿಂದ ಬಂದ ರೂಢಿ. ಹಬ್ಬಕ್ಕೆ ಮುಂಚೆ ಜೂಜಿನ ವಿರುದ್ಧ ಪೊಲೀಸರು ಎಚ್ಚರಿಕೆ ಕೊಡುವುದೂ ಅಷ್ಟೇ ರೂಢಿ.

ಆ ಆಟದ ಸುತ್ತನ್ನು ಹತ್ತಿರದಿಂದ ನೋಡಿದರೆ ಎಲ್ಲರ ಕಣ್ಣೂ ಒಂದೇ ಕಡೆ ಇರುತ್ತದೆ: ಕಲಸುವವನ ಕೈ ಮೇಲೆ. ಅವನು ಕಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಗೊಂಚಲು ಗೊಂಚಲಾಗಿ ಎತ್ತಿ ಹಾಕುತ್ತಾನೆ. "ಸರಿಯಾಗ್ ಕಲ್ಸಪ್ಪ, ಹೋದ್ ಆಟದ್ ಎಲೆ ಹಂಗೇ ಜೊತೇಲಿ ಬತ್ತಾವೆ" ಎಂದು ಒಬ್ಬರಾದರೂ ಗದರುತ್ತಾರೆ. ಕಲಸಿ ಮುಗಿದ ಮೇಲೆ ಅವನು ಕಟ್ಟನ್ನು ಪಕ್ಕದವನ ಮುಂದೆ ಇಡಬೇಕು, ಪಕ್ಕದವನು ಅದನ್ನು ಕಟ್ ಮಾಡಬೇಕು. ಕಟ್ ಮಾಡದ ಎಲೆ ಹಂಚಿದರೆ ಆಟ ನಿಲ್ಲುತ್ತದೆ.

ಆ ಗದರಿಕೆ, ಈ ಕಟ್ಟುಪಾಡು ಎರಡೂ ಸುಮ್ಮನೆ ಹುಟ್ಟಿದವಲ್ಲ. ಎಲೆ ನಿಜವಾಗಿಯೂ ಕಲೆಯಿತೇ ಎಂಬುದು ಒಂದು ಪ್ರಶ್ನೆ. ಕಲಸಿದವನ ಕೈಯನ್ನು ನಂಬಬಹುದೇ ಎಂಬುದು ಇನ್ನೊಂದು. ಕ್ಯಾಸಿನೊಗಳಲ್ಲಿ ಇಂದು ಕೂತಿರುವ ಎಲೆ ಕಲಸುವ ಯಂತ್ರ ಹುಟ್ಟಿದ್ದು ಈ ಎರಡು ಪ್ರಶ್ನೆಗಳಿಂದ. ಆ ಯಂತ್ರದ ಚರಿತ್ರೆಯನ್ನು ಅಮೆರಿಕದ ಲಾಸ್ ವೇಗಾಸ್‌ನಿಂದಲೇ ಆರಂಭಿಸಬೇಕಾಗಿಲ್ಲ. ಮೈಸೂರಿನ ಅರಮನೆಯಿಂದಲೂ ಆರಂಭಿಸಬಹುದು.

ಅರಮನೆಯ 360 ಎಲೆಗಳು

ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಪಟ್ಟಕ್ಕೆ ಬಂದಾಗ ಐದು ವರ್ಷದ ಮಗು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡು ಕಮಿಷನರುಗಳಿಗೆ ವಹಿಸಿದರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವ ತನಕ ಒಡೆಯರಿಗೆ ರಾಜ್ಯವಿತ್ತು, ಅಧಿಕಾರವಿರಲಿಲ್ಲ. ಆ ವರ್ಷಗಳನ್ನು ಅವರು ಸಾಹಿತ್ಯ, ಸಂಗೀತ, ಚಿತ್ರಕಲೆ ಮತ್ತು ಆಟಗಳಿಗೆ ಕೊಟ್ಟರು. ಚದುರಂಗದ ಕುದುರೆ ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಸಮಸ್ಯೆಯನ್ನು ಬಿಡಿಸಿದವರೆಂದು ಚದುರಂಗದ ಚರಿತ್ರೆಕಾರರು ಇಂದಿಗೂ ಅವರ ಹೆಸರು ಹೇಳುತ್ತಾರೆ.

ಅವರ ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ' ಎಂಬ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಕೊನೆಯದು ಕೌತುಕನಿಧಿ. ಅದರಲ್ಲಿ ಇಸ್ಪೀಟಿನ ಹಿರಿಯಣ್ಣನಂತಿರುವ ಎಲೆಯಾಟಗಳ ವಿವರ ಬರುತ್ತದೆ. ಇವುಗಳಿಗೆ ಛದವೆಂದು ಹೆಸರು. ಛದದ ಒಂದು ಬಣ್ಣದಲ್ಲಿ ಸಾಮಾನ್ಯವಾಗಿ ಅಂಕಿಯ ಎಲೆ ಹನ್ನೆರಡು, ರಾಜ ಮಂತ್ರಿಗಳಂಥ ಚಿತ್ರದ ಎಲೆ ಆರು. ನಮ್ಮ ಇಸ್ಪೀಟಿನಲ್ಲಿ ಕಳಾವರ್, ಆಟೀನು, ಡೈಮನ್, ಇಸ್ಪೀಟು ಎಂಬ ನಾಲ್ಕೇ ಬಣ್ಣ, 52 ಎಲೆ. ಛದದ ದೊಡ್ಡ ಕಟ್ಟುಗಳಲ್ಲಿ 360 ಎಲೆಗಳ ತನಕ ಇದ್ದವು.

ಗಂಜೀಫಾ ಎಂಬ ಈ ಜಾತಿಯ ಎಲೆಯಾಟ ಮೈಸೂರಿಗೆ ಹೊಸದಾಗಿರಲಿಲ್ಲ. ಬಾಬರ 1527ರಲ್ಲಿ ಸಿಂಧದ ಶಾ ಹುಸೇನನಿಗೆ ಗಂಜೀಫಾ ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ಮೊಘಲರ ಕಟ್ಟಿನಲ್ಲಿ 96 ಎಲೆ, ವಿಷ್ಣುವಿನ ಹತ್ತು ಅವತಾರಗಳನ್ನು ಹೊತ್ತ ದಶಾವತಾರ ಕಟ್ಟಿನಲ್ಲಿ 120 ಎಲೆ. ಹಗಲಾದರೆ ರಾಮನಿದ್ದವನು, ರಾತ್ರಿಯಾದರೆ ಕೃಷ್ಣನಿದ್ದವನು ಮೊದಲ ಎಲೆ ಇಳಿಸಬೇಕು. ಮೈಸೂರಿನ ಚಿತ್ರಕಾರರು ಇದೇ ಪರಂಪರೆಯನ್ನು ಚಿನ್ನದ ರೇಕು, ನೈಸರ್ಗಿಕ ಬಣ್ಣಗಳಿಂದ ಬೆಳೆಸಿದರು. ಮೈಸೂರು ಗಂಜೀಫಾಕ್ಕೆ ಈಗ ಭೌಗೋಳಿಕ ಗುರುತು ಸಿಕ್ಕಿದೆ. ಕಲಾವಿದ ಗಂಜೀಫಾ ರಘುಪತಿ ಭಟ್ಟರು ಶ್ರೀರಂಗಪಟ್ಟಣದಲ್ಲಿ ಆ ಕಲೆಗೆಂದೇ ಕೇಂದ್ರ ಕಟ್ಟಿದರು.

ದುಂಡಗಿನ, ಮೆರುಗೆಣ್ಣೆ ಬಳಿದ ದಪ್ಪ ಎಲೆಗಳನ್ನು ಇಸ್ಪೀಟಿನಂತೆ ಕೈಯಲ್ಲಿ ಹಿಡಿದು ಕಲಸಲಾಗದು. ಗಂಜೀಫಾ ಆಡುವವರು ಬಟ್ಟೆ ಹಾಸಿ, ಅದರ ಮೇಲೆ ಎಲೆಗಳನ್ನು ಮಗುಚಿ ಹರಡಿ, ಎರಡೂ ಅಂಗೈಯಿಂದ ತಿರುವಿ ತಿರುವಿ ಕಲಸುತ್ತಾರೆ. ಎಲ್ಲವೂ ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ. ನೋಡಲು ಮಕ್ಕಳಾಟದಂತಿರುವ ಈ ವಿಧಾನದ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪರ್ಸಿ ಡಯಾಕೊನಿಸ್ ಮತ್ತು ಅಮೆರಿಕದಲ್ಲಿರುವ ಗಣಿತಜ್ಞ ಸೌಮಿಕ್ ಪಾಲ್ 2017ರಲ್ಲಿ ಗಣಿತದ ಪ್ರಬಂಧವನ್ನೇ ಬರೆದರು. 52 ಎಲೆಗಳನ್ನು ಮೇಜಿನ ಮೇಲೆ ಹೀಗೆ ಸುಮಾರು ಒಂದು ನಿಮಿಷ ತಿರುವಿದರೆ ಚೆನ್ನಾಗಿಯೇ ಕಲೆಯುತ್ತವೆ ಎಂಬುದು ಡಯಾಕೊನಿಸ್ ಕಂಡ ಮಾತು. ನಮ್ಮ ಹಿರಿಯರ ಕೈಗೆ ಬಂದ ವಿಧಾನಕ್ಕೆ ಗಣಿತದ ಬೆಂಬಲ ಇಷ್ಟು ತಡವಾಗಿ ಬಂತು.

ಕೋರ್ಟು ಕೇಳಿದ ಪ್ರಶ್ನೆ

ಅಚ್ಚಿನ ಯಂತ್ರದಿಂದ ಬಂದ ಅಗ್ಗದ ಯುರೋಪಿನ ಎಲೆಗಳು 19ನೇ ಶತಮಾನದಲ್ಲಿ ಗಂಜೀಫಾವನ್ನು ಪಕ್ಕಕ್ಕೆ ಸರಿಸಿದವು. ಇಸ್ಪೀಟು ಊರೂರಿಗೂ ಬಂತು, ಅದರ ಬೆನ್ನಿಗೇ ಹಣದ ಪಣವೂ ಬಂತು. ಸ್ವಾತಂತ್ರ್ಯದ ಮೇಲೆ ನಮ್ಮ ನ್ಯಾಯಾಲಯಗಳು ಆಟ ಯಾವುದು, ಜೂಜು ಯಾವುದು ಎಂದು ಗೆರೆ ಎಳೆಯಬೇಕಾಯಿತು. ಆ ಗೆರೆಯ ಮೊದಲ ದೊಡ್ಡ ಮೊಕದ್ದಮೆಗೆ ಕಾರಣವಾದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ. ಅದರ ಪದಬಂಧದ ಬಹುಮಾನ ಸ್ಪರ್ಧೆಗೆ ಬೊಂಬಾಯಿ ರಾಜ್ಯದ ಓದುಗರೂ ಹಣ ಕಟ್ಟುತ್ತಿದ್ದರು. ಬೊಂಬಾಯಿ ಸರ್ಕಾರ ತೆರಿಗೆ ಹಾಕಿತು. ಆರ್.ಎಂ.ಡಿ. ಚಮರಬಾಗ್‌ವಾಲಾ ಹೆಸರಿನ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪಿತ್ತಿತು: ಜೂಜು ಸಂವಿಧಾನ ಕಾಪಾಡುವ ವ್ಯಾಪಾರವಲ್ಲ.

ನಮ್ಮ ರಾಜ್ಯದ 1963ರ ಪೊಲೀಸ್ ಕಾಯ್ದೆ ಜೂಜಿನ ಮನೆ ನಡೆಸುವುದನ್ನು 79ನೇ ಸೆಕ್ಷನ್ನಿನಲ್ಲಿ, ಅಲ್ಲಿ ಆಡುವುದನ್ನು 80ರಲ್ಲಿ, ಬೀದಿಯಲ್ಲಿ ಆಡುವುದನ್ನು 87ರಲ್ಲಿ ಅಪರಾಧವೆಂದಿತು. ಹುಣಸೂರು, ಕೋಟೆ ಕಡೆಯ ತೋಟಗಳ ಮೇಲೆ ದಾಳಿ ನಡೆದಾಗ ಪತ್ರಿಕೆಗಳಲ್ಲಿ ಬರುವ "ಅಂದರ್-ಬಾಹರ್ ಇಸ್ಪೀಟು ಜೂಜಾಟ" ಎಂಬ ಸುದ್ದಿಯ ಹಿಂದಿರುವುದು ಈ ಕಾಯ್ದೆಯೇ.

1967ರ ನವೆಂಬರಿನಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂತು. ಆ ತೀರ್ಪು ನೇರವಾಗಿ ಕಲಸುವ ಕೈಗೇ ಕೈ ಹಾಕಿತು. ಎಲೆ ಕಲಸಿ ಹಂಚುವ ಯಾವ ಆಟದಲ್ಲೂ ಅದೃಷ್ಟದ ಪಾಲು ಇದ್ದೇ ಇರುತ್ತದೆ, ಏಕೆಂದರೆ ಕಲಸಿದ ಕಟ್ಟಿನಲ್ಲಿ ಯಾವ ಎಲೆ ಎಲ್ಲಿ ಕೂತಿತೆಂಬುದರ ಮೇಲೆ ಹಂಚಿಕೆ ನಿಂತಿದೆ ಎಂದು ನ್ಯಾಯಮೂರ್ತಿಗಳು ಗುರುತಿಸಿದರು. ಆದರೂ ಇಳಿದ ಎಲೆಗಳನ್ನು ನೆನಪಿಟ್ಟು, ಎತ್ತುವುದು ಬಿಡುವುದನ್ನು ಲೆಕ್ಕ ಹಾಕಬೇಕಾದ ರಮ್ಮಿಯಲ್ಲಿ ಕೌಶಲವೇ ಮುಖ್ಯ, ಮೂರೆಲೆ ಆಟದಂತೆ ಅದು ಬರೀ ಅದೃಷ್ಟವಲ್ಲ ಎಂದರು. ಜೊತೆಗೆ ಕ್ಲಬ್ಬಿನ ಒಡೆಯನೇ ಪಣದಿಂದ ಲಾಭ ಮಾಡಿಕೊಂಡರೆ ಅಪರಾಧವಾದೀತು ಎಂಬ ಎಚ್ಚರಿಕೆಯನ್ನೂ ಸೇರಿಸಿದರು. ಮುಂದಿನ ಅರ್ಧ ಶತಮಾನದ ರಮ್ಮಿ ವ್ಯಾಪಾರವೆಲ್ಲ ಈ ತೀರ್ಪಿನ ಮೊದಲ ಭಾಗವನ್ನು ಹಿಡಿದುಕೊಂಡೇ ಬೆಳೆಯಿತು. ಎರಡನೆಯ ಭಾಗವನ್ನು ನೆನೆದವರು ಕಡಿಮೆ.

ಹೂವಿನಹಡಗಲಿಯಿಂದ ಬಂದ ಉತ್ತರ

ಕೋರ್ಟು ಕಾನೂನಿನ ಗೆರೆ ಎಳೆಯುತ್ತಿದ್ದ ಕಾಲದಲ್ಲೇ ಕರ್ನಾಟಕದಲ್ಲಿ ಹುಟ್ಟಿದ ಗಣಿತಜ್ಞರೊಬ್ಬರು ಕಲಸುವುದು ಹೇಗೆಂಬ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರ ಕೊಟ್ಟರು. ಅವರೇ ಸಿ.ಆರ್. ರಾವ್. 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ ತೆಲುಗು ಮನೆತನದಲ್ಲಿ ಹುಟ್ಟಿದವರು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು, ಕೇಂಬ್ರಿಜ್‌ನಲ್ಲಿ ಆರ್.ಎ. ಫಿಶರ್ ಅವರ ಕೈಕೆಳಗೆ ಡಾಕ್ಟರೇಟ್ ಪಡೆದು, ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು. 2023ರ ಆಗಸ್ಟಿನಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

1961ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಪುಟ್ಟ ಪ್ರಬಂಧದ ವಿಷಯ, ವಸ್ತುಗಳ ಸಾಲೊಂದನ್ನು ಗುರುತು ಸಿಗದಂತೆ ಕಲಸುವುದು ಹೇಗೆ ಎಂಬುದು. ಪ್ರತಿ ವಸ್ತುವಿಗೂ ಸೊನ್ನೆಯಿಂದ ಒಂಬತ್ತರೊಳಗಿನ ಯಾವುದಾದರೂ ಅಂಕಿಯನ್ನು ಚೀಟಿ ಎತ್ತಿದಂತೆ ಕೊಡಿ. ಅಂಕಿಗೊಂದರಂತೆ ಹತ್ತು ಗುಂಪು ಮಾಡಿ. ಗುಂಪಿನಲ್ಲಿ ಒಂದಕ್ಕಿಂತ ಹೆಚ್ಚು ವಸ್ತುಗಳಿದ್ದರೆ ಅದರೊಳಗೆ ಮತ್ತೆ ಅದೇ ಕೆಲಸ ಮಾಡಿ. ಪ್ರತಿಯೊಂದೂ ಒಂಟಿಯಾಗಿ ನಿಲ್ಲುವ ತನಕ ಬಿಡಬೇಡಿ. ಆಮೇಲೆ ಸಾಲಾಗಿ ಜೋಡಿಸಿ.

ರಾವ್ ಅವರ ಕಣ್ಣು ಇಸ್ಪೀಟಿನ ಮೇಲಿರಲಿಲ್ಲ, ಪ್ರಯೋಗಗಳ ಮೇಲಿತ್ತು. ಯಾವ ತಾಕಿಗೆ ಯಾವ ಗೊಬ್ಬರ, ಯಾವ ತಾಕಿಗೆ ಯಾವ ತಳಿ ಎಂಬುದನ್ನು ಸಂಶೋಧಕ ತನ್ನ ಇಷ್ಟದಂತೆ ಆರಿಸಿದರೆ ಫಲಿತಾಂಶ ನಂಬುವಂತಿರುವುದಿಲ್ಲ. ಒಳ್ಳೆ ಮಣ್ಣಿರುವ ತಾಕು ತನಗಿಷ್ಟವಾದ ತಳಿಗೇ ಸಿಕ್ಕಿಬಿಡಬಹುದು. ಅದಕ್ಕಾಗಿ ಫಿಶರ್ ಕಾಲದಿಂದಲೂ ತಾಕುಗಳ ಹಂಚಿಕೆಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಮಾಡುತ್ತಾರೆ. ಫಿಶರ್ ಮತ್ತು ಯೇಟ್ಸ್ 1938ರ ತಮ್ಮ ಕೋಷ್ಟಕಗಳಲ್ಲಿ ಕೊಟ್ಟ ವಿಧಾನವೇ ಇಂದು ಕಂಪ್ಯೂಟರಿನಲ್ಲಿ ಎಲೆ ಕಲಸುವ ವಿಧಾನಕ್ಕೆ ಮೂಲ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಕೃಷಿ ಸಂಶೋಧನೆಯ ಇಂಥ ತಾಕುಗಳಲ್ಲಿ ನಡೆಯುವುದೂ ಇದೇ ಕಲಸಾಟ. ಪಣ ಕಟ್ಟುವ ಮೇಜಿಗೆ ಹೋಗುವ ಮೊದಲೇ ಈ ವಿದ್ಯೆ ರೈತನ ಹೊಲದಲ್ಲಿ ಬಾಳಿತ್ತು ಎಂಬುದನ್ನು ನಮ್ಮ ಕಾಲೇಜು ಹುಡುಗರಿಗೆ ಹೇಳಿಕೊಡಬೇಕು.

ಲಾಸ್ ವೇಗಾಸ್‌ನ ತಲೆನೋವು

ರಾವ್ ಅವರ ಪ್ರಬಂಧ ಬಂದ ಮರುವರ್ಷ, 1962ರಲ್ಲಿ, ಅಮೆರಿಕದ ಗಣಿತ ಪ್ರಾಧ್ಯಾಪಕ ಎಡ್ವರ್ಡ್ ಥಾರ್ಪ್ 'ಬೀಟ್ ದ ಡೀಲರ್' ಎಂಬ ಪುಸ್ತಕ ತಂದರು. ಬ್ಲ್ಯಾಕ್‌ಜ್ಯಾಕ್ ಆಟದಲ್ಲಿ ಇಳಿದ ಎಲೆ ಮತ್ತೆ ಕಲಸುವ ತನಕ ಬರುವುದಿಲ್ಲ. ಏನೇನು ಇಳಿಯಿತೆಂದು ಲೆಕ್ಕವಿಟ್ಟರೆ ಉಳಿದ ಕಟ್ಟು ಯಾರಿಗೆ ಅನುಕೂಲವೆಂದು ತಿಳಿಯುತ್ತದೆ, ಆಗ ಮಾತ್ರ ದೊಡ್ಡ ಪಣ ಕಟ್ಟಬಹುದು ಎಂದು ಅವರು ತೋರಿಸಿದರು. ಮುಂದೆ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಂಡ ಕಟ್ಟಿ ಇದೇ ವಿದ್ಯೆಯಿಂದ ಕ್ಯಾಸಿನೊಗಳ ಹಣ ಗೆದ್ದರು. ಇದರಲ್ಲಿ ಮೋಸವಿರಲಿಲ್ಲ, ಲೆಕ್ಕವಷ್ಟೇ ಇತ್ತು.

ಇದನ್ನು ತಡೆಯಲು ಕ್ಯಾಸಿನೊಗಳು ಒಂದು ಕಟ್ಟಿನ ಜಾಗದಲ್ಲಿ ಆರು, ಎಂಟು ಕಟ್ಟು ಸೇರಿಸಿ ಆಡಿಸತೊಡಗಿದವು. ಆಗ ಹೊಸ ತೊಂದರೆ ಶುರುವಾಯಿತು. ಎಂಟು ಕಟ್ಟೆಂದರೆ 416 ಎಲೆ. ಅಷ್ಟನ್ನೂ ಕೈಯಲ್ಲಿ ಕಲಸುವ ಹೊತ್ತಿನಲ್ಲಿ ಮೇಜು ಖಾಲಿ, ವರಮಾನ ಸೊನ್ನೆ. ಬೇಸರಪಟ್ಟ ಡೀಲರ್, ಅಂದರೆ ಎಲೆ ಹಂಚುವವನು, ಅರೆಬರೆ ಕಲಸಿದರೆ ಜಾಣ ಆಟಗಾರ ಎಲೆಗಳ ಗೊಂಚಲನ್ನೇ ಹಿಂಬಾಲಿಸುತ್ತಾನೆ. ಡೀಲರ್ ಲಂಚ ತಿಂದರಂತೂ ಮುಗಿಯಿತು. 2002ರಿಂದ 2007ರ ತನಕ ಅಮೆರಿಕ, ಕೆನಡಾಗಳಲ್ಲಿ ಕೆಲಸ ಮಾಡಿದ ಟ್ರಾನ್ ತಂಡ ಡೀಲರುಗಳನ್ನು ಕೊಂಡುಕೊಂಡು, ಕಲಸಿದಂತೆ ನಟಿಸಿ ಎಲೆಗಳನ್ನು ಹಾಗೆಯೇ ಉಳಿಸುವ ಉಪಾಯದಿಂದ ಸುಮಾರು 70 ಲಕ್ಷ ಡಾಲರ್ ದೋಚಿತು. ಯುಗಾದಿಯ ಅರಳಿಕಟ್ಟೆಯ ಅನುಮಾನ ಅಲ್ಲಿ ಕೋಟಿಗಳ ಲೆಕ್ಕದಲ್ಲಿ ನಿಜವಾಯಿತು.

ಮಿನ್ನೆಸೋಟ ರಾಜ್ಯದ ಜಾನ್ ಬ್ರೀಡಿಂಗ್ 1983ರಲ್ಲಿ ಷಫಲ್ ಮಾಸ್ಟರ್ ಎಂಬ ಕಂಪನಿ ಕಟ್ಟಿದ್ದು ಕೈಯಲ್ಲಿ ಕಲಸುವ ಈ ತೊಂದರೆಗೆ ಪರಿಹಾರ ಹುಡುಕಲು. ಅದರ ಯಂತ್ರ ಕ್ಯಾಸಿನೊಗಳಿಗೆ ಕಾಲಿಡಲು 1992 ಆಯಿತು. ಮುಂದೆ ಹಲವು ಬಗೆಯ ಯಂತ್ರಗಳು ಬಂದವು. ಒಂದು ಬಗೆಯದು ಮೇಜಿನಲ್ಲಿ ಒಂದು ಕಟ್ಟು ಆಡುತ್ತಿರುವಾಗಲೇ ಇನ್ನೊಂದನ್ನು ಒಳಗೆ ಕಲಸಿ ಸಿದ್ಧವಾಗಿಡುತ್ತದೆ. ಎರಡನೆಯದು ನಿರಂತರ ಯಂತ್ರ: ಇಳಿದ ಎಲೆ ಕೂಡಲೇ ಒಳಗೆ ಹೋಗಿ ಉಳಿದವುಗಳಲ್ಲಿ ಬೆರೆಯುವುದರಿಂದ ಲೆಕ್ಕವಿಡುವುದೇ ವ್ಯರ್ಥವಾಗುತ್ತದೆ. ಮೂರನೆಯದರಲ್ಲಿ ಕ್ಯಾಮೆರಾ ಇರುತ್ತದೆ. ಪ್ರತಿ ಎಲೆಯನ್ನೂ ಅದು ಓದಿ, 52 ಎಲೆ ಪೂರ್ತಿ ಇವೆಯೇ, ಯಾರಾದರೂ ಎಕ್ಕವೊಂದನ್ನು ಹೆಚ್ಚಿಗೆ ಸೇರಿಸಿದ್ದಾರೆಯೇ ಎಂದು ಪರೀಕ್ಷಿಸುತ್ತದೆ. ಎಲೆಗಳು ಯಾವ ಕ್ರಮದಲ್ಲಿ ಕೂರಬೇಕೆಂದು ಒಳಗಿನ ಕಂಪ್ಯೂಟರ್ ಯಾದೃಚ್ಛಿಕ ಸಂಖ್ಯೆಗಳಿಂದ ತೀರ್ಮಾನಿಸುತ್ತದೆ. ಕೈಚಳಕಕ್ಕೆ ಜಾಗವಿಲ್ಲ, ಹೊತ್ತು ಹಾಳಾಗುವುದಿಲ್ಲ. ಕ್ಯಾಸಿನೊ ಮಾಲೀಕರು ಬಯಸಿದ್ದು ಅದನ್ನೇ.

ಹತ್ತು ಅರೆಗಳ ಪೆಟ್ಟಿಗೆ

ಯಂತ್ರ ನಿಜವಾಗಿ ಕಲಸುತ್ತದೆಯೇ ಎಂದು ಪರೀಕ್ಷಿಸಿದವರು ಮತ್ತೆ ಅದೇ ಪರ್ಸಿ ಡಯಾಕೊನಿಸ್. ಹದಿನಾಲ್ಕನೆಯ ವಯಸ್ಸಿಗೆ ಮನೆ ಬಿಟ್ಟು ಡಾಯ್ ವರ್ನನ್ ಎಂಬ ಜಾದೂಗಾರನ ಹಿಂದೆ ಹೋದ ಹುಡುಗ ಮುಂದೆ ಗಣಿತದ ಪ್ರಾಧ್ಯಾಪಕನಾದ ಕಥೆ ಅವರದು. ಕೈಚಳಕವನ್ನು ಒಳಗಿನಿಂದ ಬಲ್ಲವರು.

52 ಎಲೆಗಳನ್ನು ಜೋಡಿಸಬಹುದಾದ ಕ್ರಮಗಳ ಸಂಖ್ಯೆ 68 ಅಂಕಿಗಳಷ್ಟು ದೊಡ್ಡದು. ಒಳ್ಳೆಯ ಕಲಸುವಿಕೆಯಲ್ಲಿ ಅವೆಲ್ಲಕ್ಕೂ ಸಮಾನ ಅವಕಾಶ ಇರಬೇಕು. ಕಟ್ಟನ್ನು ಎರಡು ಪಾಲು ಮಾಡಿ, ಹೆಬ್ಬೆರಳುಗಳಿಂದ ಬಿಡುತ್ತ ಒಂದರೊಳಗೊಂದು ಸೇರಿಸುವ ವಿಧಾನದಲ್ಲಿ ಏಳು ಸಲವಾದರೂ ಕಲಸಬೇಕು ಎಂದು ಗಣಿತಜ್ಞ ಡೇವ್ ಬೇಯರ್ ಜೊತೆಗೂಡಿ ಡಯಾಕೊನಿಸ್ 1992ರ ಪ್ರಬಂಧದಲ್ಲಿ ತೋರಿಸಿದರು. ನಮ್ಮ ಹಳ್ಳಿಗಳಲ್ಲಿ ಮಾಡುವಂತೆ ಗೊಂಚಲು ಗೊಂಚಲಾಗಿ ಎತ್ತಿ ಹಾಕಿದರೆ? ಅದೇ ಗುಣಮಟ್ಟಕ್ಕೆ ಸುಮಾರು ಹತ್ತು ಸಾವಿರ ಸಲ ಬೇಕು ಎಂಬುದು ಗಣಿತದ ಅಂದಾಜು. "ಹೋದ್ ಆಟದ್ ಎಲೆ ಹಂಗೇ ಬತ್ತಾವೆ" ಎಂಬ ಗದರಿಕೆ ಅಕ್ಷರಶಃ ಸತ್ಯ.

ಯಂತ್ರಗಳನ್ನು ತಯಾರಿಸುವ ಕಂಪನಿಯೊಂದು ತನ್ನ ಹೊಸ ಪೆಟ್ಟಿಗೆಯನ್ನು ಪರೀಕ್ಷಿಸಲು ಡಯಾಕೊನಿಸ್ ಮತ್ತು ಸಂಖ್ಯಾಶಾಸ್ತ್ರಜ್ಞೆ ಸೂಸನ್ ಹೋಮ್ಸ್ ಅವರನ್ನು ಕರೆಸಿತು. ಪೆಟ್ಟಿಗೆಯೊಳಗೆ ಹತ್ತು ಅರೆಗಳು. ಕಟ್ಟಿನಿಂದ ಒಂದೊಂದೇ ಎಲೆ ಇಳಿದು ಯಾವುದೋ ಒಂದು ಅರೆಗೆ ಹೋಗುತ್ತದೆ. ಅಲ್ಲಿ ಮೊದಲೇ ಇದ್ದ ಎಲೆಗಳ ಮೇಲೆ ಇಲ್ಲವೇ ಕೆಳಗೆ ಕೂರುತ್ತದೆ. ಕೊನೆಗೆ ಹತ್ತೂ ಅರೆಗಳ ಎಲೆಗಳು ಒಟ್ಟಾಗಿ ಹೊರಬರುತ್ತವೆ. ನೋಡಲು ಸೊಗಸಾಗಿತ್ತು, ಎಂಜಿನಿಯರುಗಳಿಗೆ ನಂಬಿಕೆಯೂ ಇತ್ತು. ಆದರೆ ಒಂದೇ ಅರೆಯೊಳಗೆ ಮೇಲೆ ಸೇರಿದ ಎಲೆಗಳೆಲ್ಲ ಒಂದು ದಿಕ್ಕಿನ ಕ್ರಮದಲ್ಲಿ, ಕೆಳಗೆ ಸೇರಿದವೆಲ್ಲ ಇನ್ನೊಂದು ದಿಕ್ಕಿನ ಕ್ರಮದಲ್ಲಿ ಉಳಿದಿರುತ್ತವೆ. ಹಳೆಯ ಸಾಲಿನ ಗುರುತು ಅಳಿಸಿರುವುದಿಲ್ಲ. ಹೊರಬರುವ ಎಲೆಗಳನ್ನು ಒಂದೊಂದಾಗಿ ನೋಡುತ್ತ ಮುಂದಿನದನ್ನು ಊಹಿಸುತ್ತ ಹೋದರೆ, ಚೆನ್ನಾಗಿ ಕಲೆತ ಕಟ್ಟಿನಲ್ಲಿ ಸರಾಸರಿ ನಾಲ್ಕೂವರೆ ಊಹೆ ಸರಿಯಾಗಬೇಕು. ಈ ಯಂತ್ರದ ಕಟ್ಟಿನಲ್ಲಿ ಒಂಬತ್ತೂವರೆ ಸರಿಯಾಗುತ್ತಿತ್ತು. ಜಾಣ ಜೂಜುಕೋರನಿಗೆ ಇಷ್ಟು ಸಾಕು.

ಪರಿಹಾರ ಸರಳವಾಗಿತ್ತು: ಕಟ್ಟನ್ನು ಎರಡು ಸಲ ಹಾಯಿಸುವುದು. ಹತ್ತು ಅರೆಗಳಲ್ಲಿ ಎರಡು ಸಲ ಹಾದರೆ 200 ಅರೆಗಳಲ್ಲಿ ಒಮ್ಮೆ ಹಾದಂತೆ ಎಂದು ಲೆಕ್ಕ ತೋರಿಸಿತು. ಗಣಿತಜ್ಞ ಜೇಸನ್ ಫುಲ್ಮನ್ ಜೊತೆ ಸೇರಿ ಅವರು ಬರೆದ ಪ್ರಬಂಧ 2013ರಲ್ಲಿ ಪ್ರಕಟವಾಯಿತು. ಇಲ್ಲಿ ರಾವ್ ಅವರ 1961ರ ಉಪಾಯವನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲೂ ಹತ್ತು ಗುಂಪು, ಇಲ್ಲೂ ಹತ್ತು ಅರೆ. ರಾವ್ ಪ್ರತಿ ಗುಂಪಿನೊಳಗೆ ಮತ್ತೆ ಮತ್ತೆ ಹಂಚಿ, ಒಂದೊಂದೂ ಒಂಟಿಯಾಗುವ ತನಕ ನಿಲ್ಲಿಸಲಿಲ್ಲ. ಯಂತ್ರ ಒಂದೇ ಸಲಕ್ಕೆ ನಿಲ್ಲಿಸಿತ್ತು. ಕೋಟಿಗಟ್ಟಲೆ ಹಣದ ವ್ಯವಹಾರದಲ್ಲಿ ಕೊರತೆಯಾದದ್ದು ಆ ಒಂದು ತಾಳ್ಮೆ.

ಯಂತ್ರದೊಳಗಿನ ಕಣ್ಣು

ಕಲಸುವುದರ ದೋಷ ತಿದ್ದಿದರೂ ಎರಡನೆಯ ಪ್ರಶ್ನೆ ಉಳಿಯಿತು. ಕೈಯ ಮೋಸವನ್ನು ಯಂತ್ರ ತಡೆದೀತು. ಯಂತ್ರವನ್ನು ಕಾಯುವವರು ಯಾರು?

1999ರಲ್ಲಿ ಕಂಪ್ಯೂಟರಿನ ಪೋಕರ್ ಆಟಗಳಿಗೆ ಸಾಫ್ಟ್‌ವೇರ್ ಕೊಡುತ್ತಿದ್ದ ಎಎಸ್‌ಎಫ್ ಎಂಬ ಕಂಪನಿ, ತನ್ನ ಕಲಸುವಿಕೆ ಎಷ್ಟು ಪ್ರಾಮಾಣಿಕವೆಂದು ತೋರಿಸಲು ಅದರ ಸೂತ್ರವನ್ನೇ ಪ್ರಕಟಿಸಿತು. ಅಮೆರಿಕದ ಭದ್ರತಾ ತಜ್ಞರು ಅದನ್ನು ಓದಿ ಬೆಚ್ಚಿದರು. 68 ಅಂಕಿಗಳಷ್ಟು ಕ್ರಮಗಳು ಸಾಧ್ಯವಿರುವ ಕಡೆ ಆ ಸೂತ್ರದಿಂದ ಹುಟ್ಟಬಹುದಾದವು ಹೆಚ್ಚೆಂದರೆ 400 ಕೋಟಿ ಚಿಲ್ಲರೆ. ಗಡಿಯಾರದ ಸಮಯದಿಂದ ಲೆಕ್ಕ ಶುರುವಾಗುತ್ತಿದ್ದುದರಿಂದ ಅದು ದಿನಕ್ಕೆ 8 ಕೋಟಿ 64 ಲಕ್ಷಕ್ಕೆ ಇಳಿಯಿತು. ಸಮಯವನ್ನು ಹೊಂದಿಸಿ ನೋಡಿದಾಗ ಬರೀ 2 ಲಕ್ಷಕ್ಕೆ ಇಳಿಯಿತು. ತಮ್ಮ ಕೈಯ ಎಲೆ ಮತ್ತು ಮೇಜಿನ ಮೇಲೆ ತೆರೆದ ಎಲೆಗಳಷ್ಟನ್ನೇ ಹಿಡಿದು, ಎದುರಾಳಿಗಳ ಎಲ್ಲ ಎಲೆಗಳನ್ನೂ ಅವರು ಆಗಿಂದಾಗಲೇ ಹೇಳಬಲ್ಲವರಾದರು. ಸೂತ್ರ ಬಹಿರಂಗವಾಗಿದ್ದಕ್ಕೇ ತಪ್ಪು ಸಿಕ್ಕಿತು ಎಂಬುದು ಇಲ್ಲಿನ ಪಾಠ.

ಕ್ಯಾಮೆರಾ ಇರುವ ಯಂತ್ರದ ಕಥೆ ಇನ್ನೂ ಗಂಭೀರ. ಎಲೆಗಳು ಪೂರ್ತಿ ಇವೆಯೇ ಎಂದು ನೋಡಲು ಇಟ್ಟ ಕಣ್ಣಿಗೆ ಎಲ್ಲ ಎಲೆಗಳ ಕ್ರಮವೂ ಗೊತ್ತಿರುತ್ತದೆ. ಡೆಕ್‌ಮೇಟ್ 2 ಎಂಬ ಯಂತ್ರದ ಯುಎಸ್‌ಬಿ ಕಿಂಡಿಯ ಮೂಲಕ ಒಳಗೆ ನುಗ್ಗಿ ಆ ಕ್ರಮವನ್ನು ಕದಿಯಬಹುದೆಂದು ಭದ್ರತಾ ಸಂಶೋಧಕರು 2023ರಲ್ಲಿ ಸಾರ್ವಜನಿಕವಾಗಿ ತೋರಿಸಿದರು. 2025ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸರ್ಕಾರಿ ವಕೀಲರು ಮೂವತ್ತಕ್ಕೂ ಹೆಚ್ಚು ಜನರ ಮೇಲೆ ಆರೋಪಪಟ್ಟಿ ಹಾಕಿದರು. ಖಾಸಗಿ ಪೋಕರ್ ಆಟಗಳಲ್ಲಿ ತಿದ್ದಿದ ಕಲಸುವ ಯಂತ್ರ ಎಲೆಗಳನ್ನು ಓದಿ ಹೊರಗಿನವನಿಗೆ ತಿಳಿಸುತ್ತಿತ್ತು, ಅವನು ಮೇಜಿನಲ್ಲಿ ಕೂತ ತನ್ನವನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸುತ್ತಿದ್ದ ಎಂಬುದು ಆರೋಪ. ಕಾವಲಿಗೆ ಇಟ್ಟ ಕಣ್ಣೇ ಕಳ್ಳನ ಕಣ್ಣಾಯಿತು.

ನಮ್ಮ ಗಡಿ, ನಮ್ಮ ಮನೆ

ಕರ್ನಾಟಕದಲ್ಲಿ ಕ್ಯಾಸಿನೊ ಇಲ್ಲ. ಆದರೆ ಕ್ಯಾಸಿನೊ ದೂರವೂ ಇಲ್ಲ. ಗೋವಾ 1976ರ ತನ್ನ ಜೂಜು ಕಾಯ್ದೆಯನ್ನು 1990ರ ದಶಕದಲ್ಲಿ ತಿದ್ದಿ, ಮೊದಲು ಪಂಚತಾರಾ ಹೋಟೆಲುಗಳಲ್ಲಿ ಯಂತ್ರಗಳಿಗೆ, ಆಮೇಲೆ ಹಡಗುಗಳಲ್ಲಿ ಮೇಜಿನ ಆಟಗಳಿಗೆ ಬಾಗಿಲು ತೆರೆಯಿತು. 2020ರ ಫೆಬ್ರುವರಿಯಿಂದ ಗೋವಾ ಸರ್ಕಾರ ತನ್ನ ಜನರಿಗೆ ಕ್ಯಾಸಿನೊ ಪ್ರವೇಶ ನಿಷೇಧಿಸಿತು. ಅಂದರೆ ಕಳೆದುಕೊಳ್ಳಬೇಕಾದವರು ಹೊರಗಿನವರು, ಅವರಲ್ಲಿ ನಮ್ಮವರು ಸಾಕಷ್ಟಿದ್ದಾರೆ.

ಎಚ್.ಡಿ. ಕೋಟೆಯಿಂದ ಅಂತರಸಂತೆ, ಬಳ್ಳೆ ಹಾಯ್ದು ಕಾಡಿನ ದಾರಿಯಲ್ಲಿ ಹೋದರೆ ಬಾವಲಿ. ಅದರಾಚೆ ಕೇರಳದ ವಯನಾಡು, ಅಲ್ಲಿ ಲಾಟರಿ ಅಂಗಡಿಗಳು. ಕೇರಳ 1967ರಲ್ಲಿ ಲಾಟರಿ ಇಲಾಖೆ ತೆರೆದು, 1968ರ ಜನವರಿ 26ರಂದು ಮೊದಲ ಡ್ರಾ ನಡೆಸಿತು. ಇಂದಿಗೂ ತಿರುವನಂತಪುರದಲ್ಲಿ ತೀರ್ಪುಗಾರರ ಮುಂದೆ, ಎಲ್ಲರಿಗೂ ಕಾಣುವಂತೆ ಯಂತ್ರದಿಂದ ಅಂಕಿ ತೆಗೆಯುತ್ತಾರೆ. 2024ರ ಓಣಂ ಬಂಪರಿನ 25 ಕೋಟಿ ರೂಪಾಯಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ನಮ್ಮ ಕಡೆ ಅದೇ ಮಾತು. ಗೆದ್ದ ಒಬ್ಬರ ಸುದ್ದಿ ಪತ್ರಿಕೆಯಲ್ಲಿ ಬಂತು, ಸೋತ ಲಕ್ಷಾಂತರ ಜನರ ಸುದ್ದಿ ಎಲ್ಲೂ ಬರಲಿಲ್ಲ. ಕರ್ನಾಟಕ 2007ರ ಏಪ್ರಿಲ್ 1ರಿಂದ ಲಾಟರಿಯನ್ನು ನಿಲ್ಲಿಸಿದ್ದು ಇಂಥ ಸೋತ ಮನೆಗಳನ್ನು ಕಂಡೇ.

ಲಾಟರಿ ಹೋದ ಜಾಗಕ್ಕೆ ಮೊಬೈಲಿನ ರಮ್ಮಿ ಬಂತು. ರಾಜ್ಯ ಸರ್ಕಾರ 2021ರ ಅಕ್ಟೋಬರಿನಲ್ಲಿ ತಿದ್ದುಪಡಿ ತಂದು ಅದನ್ನು ತಡೆಯಹೊರಟಾಗ, 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. 1967ರ ತೀರ್ಪಿನ ಕೌಶಲದ ವಾದವೇ ಅಲ್ಲಿ ಗೆದ್ದಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಿ, ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷ ಸಜೆ, ಒಂದು ಕೋಟಿ ರೂಪಾಯಿ ದಂಡದ ತನಕ ಶಿಕ್ಷೆ. ಆಡಿದವನನ್ನು ಅಪರಾಧಿಯೆಂದು ಕಾಣದಿರುವುದು ಈ ಕಾನೂನಿನ ಒಳ್ಳೆಯ ಗುಣ. ಇದನ್ನು ಪ್ರಶ್ನಿಸಿ ಕರ್ನಾಟಕ ಹೈಕೋರ್ಟ್ ಮತ್ತಿತರ ಕಡೆ ಹೋದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಈ ವಾದ-ವಿವಾದಗಳಲ್ಲಿ ಕಂಪನಿಗಳು ಮುಂದಿಟ್ಟ ದೊಡ್ಡ ಸಮಾಧಾನವೆಂದರೆ, ತಮ್ಮ ಕಲಸುವಿಕೆ ಪ್ರಮಾಣಪತ್ರ ಪಡೆದದ್ದು ಎಂಬುದು. ಅದು ನಿಜವೇ ಆಗಿರಲಿ. ನಮ್ಮ ತೋಟಗಳ ಅಂದರ್-ಬಾಹರ್ ಆಟವನ್ನೇ ತೆಗೆದುಕೊಳ್ಳಿ. ಒಂದು ಎಲೆ ತೆರೆದಿಟ್ಟು, ಅದರ ಜೋಡಿ ಬರುವ ತನಕ ಒಳಗೊಂದು ಹೊರಗೊಂದು ಹಾಕುತ್ತ ಹೋಗುತ್ತಾರೆ. ಎಲೆ ದೋಷವೇ ಇಲ್ಲದಂತೆ ಕಲೆತಿದ್ದರೂ, ಮೊದಲ ಎಲೆ ಬೀಳುವ ಪಕ್ಕ ಗೆಲ್ಲುವ ಅವಕಾಶ ನೂರಕ್ಕೆ ಸುಮಾರು 51.5. ಕ್ಯಾಸಿನೊ ಆ ಪಕ್ಕ ಗೆದ್ದವನಿಗೆ ಕಡಿಮೆ ಕೊಟ್ಟು ತನ್ನ ಪಾಲು ಉಳಿಸಿಕೊಳ್ಳುತ್ತದೆ. ಚೆನ್ನಾಗಿ ಕಲೆತ ಕಟ್ಟು ಆಟಗಾರನನ್ನು ಮೋಸದಿಂದ ಕಾಪಾಡೀತು, ನಷ್ಟದಿಂದ ಕಾಪಾಡುವುದಿಲ್ಲ. ಕಲಸುವ ಯಂತ್ರವನ್ನು ಕೊಂಡವನು ಕ್ಯಾಸಿನೊ ಮಾಲೀಕ. ಅದು ಮೊದಲು ಕಾಯುವುದು ಅವನ ಗಲ್ಲಾಪೆಟ್ಟಿಗೆಯನ್ನೇ.

ಇದೇ ವಿದ್ಯೆ ನಮ್ಮನ್ನೂ ಕಾಯಬಲ್ಲದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ವಿಧಾನಸಭಾ ಕ್ಷೇತ್ರಗಳು.  ಚುನಾವಣೆ ಬಂದಾಗ ಯಾವ ಮತಯಂತ್ರ ಯಾವ ಕ್ಷೇತ್ರಕ್ಕೆ, ಆಮೇಲೆ ಯಾವ ಮತಗಟ್ಟೆಗೆ ಎಂಬುದನ್ನು ಎರಡು ಹಂತಗಳಲ್ಲಿ ಕಂಪ್ಯೂಟರ್ ಕಲಸಿ ಹಂಚುತ್ತದೆ. ಮೊದಲ ಹಂತದಲ್ಲಿ ಪಕ್ಷಗಳ ಪ್ರತಿನಿಧಿಗಳು, ಎರಡನೆಯದರಲ್ಲಿ ಅಭ್ಯರ್ಥಿಗಳು ಇಲ್ಲವೇ ಅವರ ಏಜೆಂಟರು ಎದುರಿಗಿರಬೇಕು, ಯಂತ್ರಗಳ ಪಟ್ಟಿ ಅವರ ಕೈಗೂ ಸಿಗಬೇಕು. ಗಂಜೀಫಾದ ಹಾಸುಬಟ್ಟೆಯ ನಿಯಮವೂ ಇದೇ ಆಗಿತ್ತು: ಕಲಸುವುದು ಎಲ್ಲರಿಗೂ ಕಾಣಬೇಕು.

ಆದ್ದರಿಂದ ಓದುಗರಲ್ಲಿ ಎರಡು ಮಾತು. ಮುಂದಿನ ಚುನಾವಣೆಯಲ್ಲಿ ಮತಯಂತ್ರಗಳನ್ನು ಹೀಗೆ ಕಲಸಿ ಹಂಚುವ ದಿನ, ನಿಮ್ಮ ಪಕ್ಷದವರು ಅಲ್ಲಿ ಕೂತು ಪಟ್ಟಿ ಪಡೆದರೇ ಎಂದು ಕೇಳಿ. ಮನೆಯ ಹುಡುಗ ಫೋನಿನಲ್ಲಿ ಹಣ ಕಟ್ಟಿ ರಮ್ಮಿ ಆಡುತ್ತಿದ್ದರೆ, ತಂಬಾಕು ಹರಾಜಿನ ಹಣ ಕೈಗೆ ಬರುವ ಮೊದಲೇ ಅವನ ಜೊತೆ ಕೂತು ಮಾತಾಡಿ; ಕಾನೂನು ಅವನನ್ನು ಅಪರಾಧಿ ಎನ್ನುವುದಿಲ್ಲ, ನೀವೂ ಅನ್ನಬೇಡಿ, ಆದರೆ ಲೆಕ್ಕ ಯಾವತ್ತೂ ಆಡಿಸುವವನ ಕಡೆಗೇ ಇರುತ್ತದೆ ಎಂಬುದನ್ನು ತಿಳಿಸಿ ಹೇಳಿ.